ಬಾಚಣಿಗೆಯ ಗೆಲುವು

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಮೇಲೆ ಪಂಕಜಾಕ್ಷಿಯ ಮೈಯೇನೋ ಕರಗಿತು, ಜೊತೆಗೆ ಜಡೆಯೂ ಸೊರಗಿತು. ಕೂದಲು ಒಣಹುಲ್ಲಿನಂತೆ ಮುರಿಯುತ್ತಿತ್ತು. ಬೈಗುಳವೆಲ್ಲ ಬಾಚಣಿಗೆಗೆ.

"ನಾನು ಎಣ್ಣೆ ಸುರಿಯುವಷ್ಟು ಸುರಿದಾಯಿತು. ಇನ್ನು ನಿನ್ನನ್ನು ತಿಪ್ಪೆಗೆ ಎಸೆಯುತ್ತಾಳೆ" ಎಂದಿತು ಎಣ್ಣೆಯ ಶೀಶೆ.

ಒಂದು ಮಧ್ಯಾಹ್ನ ಅವಳು ತಲೆ ಬಾಚುತ್ತಲೇ ಊಟಕ್ಕೆ ಬಂದು ಬಾಚಣಿಗೆಯನ್ನು ಅಡುಗೆಕಟ್ಟೆಯ ಮೇಲಿಟ್ಟಳು. ಸೌಟು ಸಾರಿನ ತಿಳಿಯನ್ನಷ್ಟೇ ಬಡಿಸುವುದನ್ನು ಬಾಚಣಿಗೆ ಕಂಡಿತು.

"ಸೌಟಣ್ಣ, ಬೇಳೆ ಎಲ್ಲಿ?"

"ತಳದಲ್ಲಿ. ಕಾಯಿಲೆ ಬಿದ್ದೆದ್ದವರಿಗೆ ತಿಳಿಸಾರು ಬಡಿಸುವುದೇ ಈ ಮನೆಯ ಪದ್ಧತಿ."

"ಅವಳ ಹೊಟ್ಟೆ ಈಗ ಒಂದು ಹಿಡಿಯಷ್ಟು. ಅದನ್ನೂ ನೀರಿನಿಂದಲೇ ತುಂಬಿಸಿದರೆ ಕೂದಲು ಏನು ತಿಂದು ಬೆಳೆಯಬೇಕು? ತಳಕ್ಕೆ ಇಳಿ!"

ಸೌಟು ಗೊಣಗುತ್ತಲೇ ಇಳಿಯಿತು. ಅಂದಿನಿಂದ ಅವಳ ಮೊದಲ ತುತ್ತು ಗಟ್ಟಿ ಬೇಳೆಯದೇ ಆಯಿತು.

ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಬಾಚಣಿಗೆ ಕೂದಲ ಸಿಕ್ಕಿನಲ್ಲಿ ಕಚ್ಚಿಕೊಂಡಿತು. ಪಂಕಜಾಕ್ಷಿ ಜೋರಾಗಿ ಎಳೆದಳು. ಟಪ್ಪೆಂದು ಸದ್ದಾಯಿತು.

"ಅಯ್ಯೋ, ಮತ್ತೆ ಮುರಿಯಿತೇ!" ಎಂದಿತು ಶೀಶೆ.

"ಮುರಿಯಿತು," ಎಂದು ಬಾಚಣಿಗೆ ಬೀಗಿತು, "ನನ್ನ ಹಲ್ಲು!"