ಕಾವಲು ಆಮೆಯ ಬೆನ್ನು

ಪಕ್ಕದೂರಿನ ಕೆರೆಯನ್ನು ಅಂತರಗಂಗೆ ಕಳೆ ನುಂಗಿ ಹಾಕಿತೆಂದು ಕೇಳಿದಂದಿನಿಂದ ಹಿರಿಯ ಆಮೆ ತನ್ನ ಕೆರೆಯ ದಡದಲ್ಲಿ ಕಾವಲು ಕೂತಿತು. ಬಂದವರಿಗೆಲ್ಲ ಒಂದೇ ಮಾತು: "ಕಾಲು ತೊಳೆದು ಒಳಗೆ ಬಾ."

ಕೊಕ್ಕರೆಗೆ ಸಿಟ್ಟು ಬಂತು. "ನೆಂಟರ ಮೇಲೆ ಅನುಮಾನವೇ?"

"ನೆಂಟರ ಮೇಲಲ್ಲ, ಬೆರಳ ಸಂದಿಯ ಮೇಲೆ" ಎಂದ ಆಮೆ, ಕೊಕ್ಕರೆಯ ಕಾಲಿನಿಂದಲೇ ಕಳೆಯ ಚೂರೊಂದನ್ನು ಹೆಕ್ಕಿ ಬಿಸಿಲಿಗೆ ಎಸೆದು ಬೀಗಿತು.

ಸುದ್ದಿ ಕೇಳಿದ ಪಕ್ಕದೂರಿನ ಕಪ್ಪೆಗಳು ಬುದ್ಧಿ ಹೇಳಿರೆಂದು ಆಮೆಯನ್ನು ಕರೆಸಿಕೊಂಡವು. ಆಮೆ ಹೋಗಿ, ಆ ಕೆರೆಯಲ್ಲೇ ಮುಳುಗೆದ್ದು, ಉಪದೇಶ ಮುಗಿಸಿ ಮರಳಿತು. ನಾಲ್ಕೂ ಕಾಲು ತಿಕ್ಕಿ ತೊಳೆದು ನೀರಿಗಿಳಿಯಹೊರಟಾಗ ಕೊಕ್ಕರೆ ಅಡ್ಡ ನಿಂತಿತು.

"ಯಜಮಾನರೇ, ನಿಲ್ಲಿ."

"ನನ್ನನ್ನೇ ತಡೆಯುತ್ತೀಯಾ? ಈ ನೇಮ ಮಾಡಿದವನೇ ನಾನು!"

"ಅದಕ್ಕೇ ನಿಮ್ಮನ್ನು ಯಾರೂ ನೋಡಿಲ್ಲ. ಬೆನ್ನಿಗೆ ಹೂ ಮುಡಿದು ಬಂದಿದ್ದೀರಿ."

ಕತ್ತು ಎಷ್ಟು ಚಾಚಿದರೂ ಆಮೆಗೆ ತನ್ನ ಬೆನ್ನು ಕಾಣಲಿಲ್ಲ. ನೀರಿಗೆ ಬಗ್ಗಿ ನೋಡಿಕೊಂಡರೆ, ಚಿಪ್ಪಿನ ಮೇಲೆ ಅಂತರಗಂಗೆ ನೇರಳೆ ಹೂ ಬಿಟ್ಟು ಠೀವಿಯಿಂದ ಕೂತಿತ್ತು! ನಾಚಿಕೆಯಿಂದ ಆಮೆ ತಲೆಯನ್ನು ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಚಿಪ್ಪಿನೊಳಗಿಂದ ನಗು ಕೇಳಿಬಂತು.

"ಕಿತ್ತುಹಾಕು ಮಾರಾಯ. ಇನ್ನುಮೇಲೆ ಎಲ್ಲರ ಕಾಲು ನಾನು ನೋಡುತ್ತೇನೆ, ನನ್ನ ಬೆನ್ನು ನೀನು ನೋಡು."