ಕಡಲಹುಲ್ಲು ಮತ್ತು ಹಾವುಮೀನಿನ ಉಪದೇಶ

ಕಾಡು ಅಂದರೆ ಮರದ್ದೇ ಆಗಬೇಕೇ ಮಕ್ಕಳೇ? ಕಡಲ ತಳದಲ್ಲೂ ಒಂದು ಕಾಡಿತ್ತು, ಹುಲ್ಲಿನ ಕಾಡು. ಪುಟಾಣಿ ಮೀನು, ಸಿಗಡಿಗಳೆಲ್ಲ ಅದರೊಳಗೆ ಅಡಗಿ ಸುಖವಾಗಿದ್ದವು. ಪಕ್ಕದ ಬಂಡೆಯ ಪೊಟರೆಯಲ್ಲಿ ಒಬ್ಬ ಹಾವುಮೀನು ಇದ್ದ. ಅವನಿಗೆ ಆ ಹುಲ್ಲು ಕಂಡರಾಗದು. ಹುಲ್ಲಿದ್ದರೆ ಬೇಟೆ ಕಣ್ಣಿಗೆ ಬೀಳುವುದೆಲ್ಲಿ?

ಒಂದು ಸಲ ದೊಡ್ಡ ಬಿರುಗಾಳಿ ಎದ್ದು ಹುಲ್ಲನ್ನೆಲ್ಲ ಬೇರುಸಮೇತ ಕಿತ್ತುಹಾಕಿತು. ಕಡಲಕುದುರೆ ಅಳುತ್ತಾ ಆಮೆಯ ಹತ್ತಿರ ಬಂದ. ಆ ಜಾತಿಯಲ್ಲಿ ಮರಿ ಹೊರುವವನು ಅಪ್ಪ. ಅವನ ಹೊಟ್ಟೆ ಆಗಲೇ ಗುಡಾಣದ ಹಾಗಿತ್ತು.

"ದೊಡ್ಡಮ್ಮಾ, ನನ್ನ ಮಕ್ಕಳು ಹುಟ್ಟಿದ ಕೂಡಲೇ ಬಾಲ ಸುತ್ತಿಕೊಳ್ಳಲು ಹುಲ್ಲು ಬೇಕು. ಇಲ್ಲದಿದ್ದರೆ ಅಲೆ ಅವರನ್ನು ನೇರವಾಗಿ ಹಾವುಮೀನಿನ ಬಾಯಿಗೆ ಒಯ್ಯುತ್ತದೆ."

"ಅತ್ತರೆ ಹುಲ್ಲು ಹುಟ್ಟುತ್ತದೇನೋ? ನಡಿ, ತೇಲುತ್ತಿರುವುದನ್ನೆಲ್ಲ ಆರಿಸಿ ತಂದು ಮತ್ತೆ ನೆಡೋಣ," ಅಂದಳು ಆಮೆ. ಎಷ್ಟೋ ಕಡಲು ಸುತ್ತಿ ಎಷ್ಟೋ ಬಗೆಯ ಹುಲ್ಲು ಮೇಯ್ದವಳು ಅವಳು. ಕುಣಿ ತೋಡಲು ಏಡಿಯೂ ಜೊತೆಗೆ ಬಂದ.

ಹಾವುಮೀನು ಪೊಟರೆಯಿಂದ ತಲೆ ಹಾಕಿದ. "ಒಳ್ಳೇ ಕೆಲಸ ತಂಗೀ. ಒಂದು ಮಾತು ಹೇಳುತ್ತೇನೆ. ಒಂದೊಂದು ಸಸಿಯನ್ನೂ ದೂರದೂರ ನೆಡಿ. ಒತ್ತಾಗಿ ನೆಟ್ಟರೆ ಪಾಪ, ಉಸಿರು ಕಟ್ಟಿ ಸಾಯುತ್ತವೆ."

ಮಾತು ಸರಿಯೆನಿಸಿತು. ಹಾಗೇ ನೆಟ್ಟರು. ಮರುದಿನದ ಉಬ್ಬರಕ್ಕೆ ಒಂದೂ ಉಳಿಯಲಿಲ್ಲ.

"ಮಣ್ಣೇ ಸರಿಯಿಲ್ಲ, ಬಿಟ್ಟುಬಿಡಿ," ಅಂದ ಹಾವುಮೀನು.

"ಇವನ ಬುದ್ಧಿ ಕೇಳಿ ನನ್ನ ಕಾಲು ಸವೆದದ್ದಷ್ಟೇ ಲಾಭ," ಎಂದು ಏಡಿ ಗೊಣಗಿದ.

"ಬೈಯಬೇಡ, ಮಾಡಿ ನೋಡೋಣ," ಅಂದಳು ಆಮೆ. "ಈ ಕಡೆ ಅವನು ಹೇಳಿದ ಹಾಗೆ ನೆಡು. ಆ ಕಡೆ ಒಂದಕ್ಕೊಂದು ತಾಗಿಸಿ, ಗೊಂಚಲು ಗೊಂಚಲಾಗಿ ನೆಡು. ಯಾವುದು ಸರಿಯೆಂದು ಅಲೆಯೇ ಹೇಳಲಿ."

ಅಲೆ ಬಂತು. ದೂರದೂರ ನೆಟ್ಟದ್ದು ಕೊಚ್ಚಿಹೋಯಿತು. ಗೊಂಚಲಿನ ಹುಲ್ಲು ಬಾಗಿತು, ಎದ್ದಿತು, ಅಲ್ಲೇ ನಿಂತಿತು. ಮೂವರೂ ಸೇರಿ ಬಯಲಿಗೆಲ್ಲ ಗೊಂಚಲು ನೆಟ್ಟರು. ದಿನ ಕಳೆದ ಹಾಗೆ ಮಣ್ಣಿನಡಿಯಲ್ಲಿ ಬೇರಿಗೆ ಬೇರು ಹೆಣೆದುಕೊಂಡು ಚಾಪೆಯಂತಾಯಿತು. ಪುಟಾಣಿ ಮೀನುಗಳು ಒಂದೊಂದಾಗಿ ಮರಳಿದವು.

ಹಾವುಮೀನಿಗೆ ಇದು ಸಹಿಸಲಾಗಲಿಲ್ಲ. ನುಗ್ಗಿ ಬಂದವನೇ ಹುಲ್ಲಿನ ಬುಡಕ್ಕೆ ಬಾಯಿ ಹಾಕಿ ಎಳೆದ. ಒಂದು ಬೇರು ಎಳೆದರೆ ಇಡೀ ಬಯಲು ಹಿಡಿದುಕೊಂಡಿತು. ಅವನ ಹಲ್ಲುಗಳೋ ಒಳಮುಖವಾಗಿ ಬಾಗಿದಂಥವು. ಬೇರಿಗೆ ಸಿಕ್ಕಿಕೊಂಡವು ನೋಡಿ, ಕೀಳಲೂ ಆಗದು, ಬಿಡಿಸಿಕೊಳ್ಳಲೂ ಆಗದು.

ಅದೇ ಹೊತ್ತಿಗೆ ಕಡಲಕುದುರೆಯ ಹೊಟ್ಟೆಯಿಂದ ಮರಿಗಳು ಪುಳುಪುಳು ಹೊರಬಂದವು. ಹಾವುಮೀನಿನ ಮೂಗಿನ ಮುಂದೆಯೇ ಹಾದುಹೋಗಿ ಹುಲ್ಲಿಗೆ ಬಾಲ ಸುತ್ತಿಕೊಂಡವು.

"ಏನಣ್ಣಾ, ಒತ್ತಾಗಿ ನೆಟ್ಟ ಹುಲ್ಲಿಗೆ ಉಸಿರು ಕಟ್ಟಿತೇ?" ಅಂದ ಏಡಿ. ಹಾವುಮೀನಿನ ಬಾಯಿ ತುಂಬ ಬೇರು. ಬಾಲವನ್ನಷ್ಟೇ ಪಟಪಟ ಬಡಿದ.

ಕೊನೆಗೆ ಏಡಿಯೇ ಬೇರು ಕತ್ತರಿಸಿ ಬಿಡಿಸಿದ. ಹಾವುಮೀನು ಎರಡು ಹಲ್ಲು ಅಲ್ಲೇ ಬಿಟ್ಟು ಊರು ಬಿಟ್ಟು ಓಡಿದ. ಆಮೆ ಮಾತ್ರ ಮರಿಗಳನ್ನು ಕಣ್ತುಂಬ ನೋಡಿ, ಹುಲ್ಲು ಕಳೆದುಕೊಂಡ ಬೇರೆ ಕಡಲುಗಳವರಿಗೂ ನೆಡುವುದನ್ನು ಕಲಿಸಲು ಹೊರಟಳು.

ನೀತಿ: ಹೇಳುವವರ ಮಾತು ಎಷ್ಟೇ ನಯವಾಗಿರಲಿ, ಪರೀಕ್ಷಿಸಿ ನೋಡಿಯೇ ನಂಬಬೇಕು.