ಹದ್ದಿನ ಪಾಲು

ಅಳಿವೆಯ ಉಪ್ಪುನೀರ ಗದ್ದೆಯಲ್ಲಿ ಕಗ್ಗ ಭತ್ತ ಕೊಯ್ಲಿಗೆ ಬಂದಿತ್ತು. ಸುಸ್ಥಿರ ಕೃಷಿ ಕಲಿಸಲು ತಜ್ಞರೊಬ್ಬರೂ ಬಂದರು. ಗದ್ದೆಯಲ್ಲೇ ಹುಟ್ಟಿದವರಿಗೆ ಗದ್ದೆ ತೋರಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

"ಹಕ್ಕಿಗಳು ನಮ್ಮ ಅತಿಥಿಗಳು. ಇನ್ನು ಡಬ್ಬ ಬಡಿದು ಓಡಿಸುವಂತಿಲ್ಲ. ತಿನ್ನುವಷ್ಟು ತಿನ್ನಲಿ," ಎಂದು ಅವರು ಎಲ್ಲರಿಂದಲೂ ಪ್ರಮಾಣ ಮಾಡಿಸಿದರು.

ಮಾದೇವಿಯ ಗದ್ದೆಗೆ ಆಗಲೇ ಕಾಡುಬಾತುಗಳು ಭತ್ತ ತಿನ್ನಲು ಇಳಿಯುತ್ತಿದ್ದವು. ಮನೆಯ ವರ್ಷದ ಅನ್ನ ಅದು. ಆದರೂ ಅವಳು ಕೈ ಚಾಚಿ ಪ್ರಮಾಣ ಮಾಡಿದಳು. ಅಂದು ತಜ್ಞರ ಊಟದ ಅಡುಗೆಯೂ ಅವಳದೇ ಆಗಿತ್ತು.

"ಒಳಗೆ ಸೆಕೆ ಸಾರ್, ಹೊರಗೆ ಗಾಳಿ ಬತ್ತದೆ," ಎಂದು ಮೀನು ಕೊಯ್ಯುವ ಕಟ್ಟೆಯ ಪಕ್ಕದಲ್ಲೇ ಎಲೆ ಹಾಕಿದಳು. ಅಲ್ಲಿ ಹದ್ದುಗಳು ಕಾದು ಕೂತಿರುತ್ತವೆಂದು ಊರಿಗೆಲ್ಲ ಗೊತ್ತು. ತಜ್ಞರ ಪಾಠದಲ್ಲಿ ಅದು ಇರಲಿಲ್ಲ.

ಹುರಿದ ಮೀನಿಗೆ ತಜ್ಞರು ಕೈ ಹಾಕುವಷ್ಟರಲ್ಲಿ ಹದ್ದೊಂದು ಎರಗಿ ಅದನ್ನು ಎತ್ತಿಕೊಂಡು ಹೋಯಿತು. ಮತ್ತೆ ಬಡಿಸಿದ್ದೂ ಹೋಯಿತು.

"ಓಡ್ಸಿ! ಏನ್ ನೋಡ್ತಾ ನಿಂತಿದ್ದೀರಿ?"

"ಬೆಳಿಗ್ಗೆ ತಾನೇ ಪ್ರಮಾಣ ಮಾಡಿಸಿದ್ರಲ್ಲ ಸಾರ್," ಎಂದಳು ಮಾದೇವಿ, ಇನ್ನೊಂದು ಮೀನು ಬಡಿಸುತ್ತ. "ಅತಿಥಿಗಳು. ತಿನ್ನುವಷ್ಟು ತಿನ್ಲಿ."

ತಜ್ಞರು ಎದ್ದು ನಿಂತು, ಅನ್ನದ ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಬಡಿಯತೊಡಗಿದರು.

ಮಾದೇವಿ ಅದನ್ನು ಗೌರವದಿಂದ ಕೇಳಿದಳು. ಆಮೇಲೆ ತನ್ನ ಡಬ್ಬ ಎತ್ತಿಕೊಂಡು ಗದ್ದೆಯ ಕಡೆ ಹೊರಟಳು.

"ಬನ್ರೇ," ಎಂದು ನೋಡುತ್ತ ನಿಂತಿದ್ದ ಊರ ಹೆಂಗಸರನ್ನು ಕರೆದಳು, "ಸಾರ್ ಕಲಿಸಿದ್ದು ಮರೆಯೋದ್ರೊಳಗೆ ಬಡಿಯೋಣ."